ಅತ್ತೆ ಕೂತಿದ್ದ ಜಾಗ

ಪೆರೆಸ್ ಅದೋಯೊಗೆ ತನ್ನ ಅಳಿಯನ ಬೆನ್ನು ಚೆನ್ನಾಗಿ ಗೊತ್ತು. ಕಿಸುಮು ಬಸ್ ನಿಲ್ದಾಣದ ಜನಜಂಗುಳಿಯಲ್ಲಿ ನಿಲ್ಲಿಸಿದರೂ ಆ ಬೆನ್ನನ್ನು ಗುರುತು ಹಿಡಿಯುತ್ತಾಳೆ. ಎಡ ಭುಜ ಒಂದಿಷ್ಟು ಇಳಿದಿದೆ, ಅಂಗಿಗೆ ಸದಾ ಇಸ್ತ್ರಿ, ಕುತ್ತಿಗೆಯ ಹಿಂದೆ ಒಂದು ಮಚ್ಚೆ. ಮುಖ ಹೇಗಿದೆ ಅಂತ ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತಾಳೆ. ಹನ್ನೊಂದು ವರ್ಷದಲ್ಲಿ ಮುಖ ಕಂಡದ್ದಾದರೂ ಎಷ್ಟು ಸಲ? ಮದುವೆ ಮಾತುಕತೆಯ ದಿನ ಬಾಗಿಲ ಸಂದಿಯಿಂದ ಒಮ್ಮೆ, ಮಗಳು ಅವಿನೋ ಹೆರಿಗೆಗೆ ಆಸ್ಪತ್ರೆ ಸೇರಿದಾಗ ಇನ್ನೊಮ್ಮೆ. ಆವತ್ತು ಉದ್ದ ಓಣಿಯ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಇವಳು. ಹದಿನಾಲ್ಕು ಗಂಟೆ ಹಾಗೇ ಕೂತು, ಒಬ್ಬರಿಗಾಗಿ ಒಬ್ಬರು ನರ್ಸ್ ಕೈಲಿ ಚಹಾ ಕಳಿಸಿದ್ದರು.

ಅವರಲ್ಲಿ ಅದೇ ಪದ್ಧತಿ. ಅತ್ತೆ ಮತ್ತು ಅಳಿಯ ಕೈ ಕುಲುಕುವುದಿಲ್ಲ, ಒಂದೇ ಬೆಂಚಿನ ಮೇಲೆ ಕೂರುವುದಿಲ್ಲ, ಒಬ್ಬರ ಎದುರು ಒಬ್ಬರು ತುತ್ತು ಬಾಯಿಗಿಡುವುದಿಲ್ಲ. ಹೆಣ್ಣು ಕೊಟ್ಟವಳ ಮೇಲಿನ ಗೌರವ ಅದು, ಮನಸ್ತಾಪ ಅಲ್ಲ. ಈಗಿನ ಕಾಲದವರು ನೈರೋಬಿಯಲ್ಲಿ ಅತ್ತೆಯನ್ನು ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರಂತೆ. ತೆಗೆಸಿಕೊಳ್ಳಲಿ, ಯಾರು ಬೇಡ ಅಂದರು. ಅವಿನೋ ಒಮ್ಮೆ, ಅಮ್ಮಾ ಇದನ್ನೆಲ್ಲ ಈಗ ಯಾರು ನೋಡ್ತಾರೆ ಅಂದಿದ್ದಳು. ನಾನು ನೋಡ್ತೀನಿ ಅಂತ ಅದೋಯೊ ಹೇಳಿ, ಆ ವಿಷಯ ಅಲ್ಲಿಗೇ ಮುಗಿದಿತ್ತು. ಅಳಿಯ ಜ಼ಬ್ಲೋನ್ ಒಂಬೆವಾ ಕೂಡ ಅಷ್ಟೇ ಗಟ್ಟಿ ಆಸಾಮಿ. ಅತ್ತೆಯ ಮನೆಗೆ ಹೊಸ ತಗಡು ಹೊದಿಸಲು ಬಂದಾಗ, ಅವಳು ಪಕ್ಕದ ಮನೆಗೆ ಹೋದಳೆಂದು ಖಚಿತವಾಗುವವರೆಗೆ ಬೇಲಿಯ ಹೊರಗೆ ಬಿಸಿಲಲ್ಲಿ ನಿಂತಿದ್ದವನು.

ಇಂಥ ಅಳಿಯ ಸಿಕ್ಕಿದ್ದು ತನ್ನ ಪುಣ್ಯ ಅಂತ ಅದೋಯೊ ಹೇಳಿಕೊಂಡು ತಿರುಗುತ್ತಿದ್ದಳು. ಆ ಪುಣ್ಯವೇ ಒಂದು ದಿನ ಇಪ್ಪತ್ತಮೂರು ಒಲೆಗಳ ಮೇಲೆ ನೀರು ಸುರಿಯಲು ಹೊರಟಿತು ನೋಡಿ.

ಹಳೇ ಬಂದರಿನ ಮೂರನೇ ಗೋದಾಮಿನ ನೆರಳಲ್ಲಿ ಅವಳು ಮೀನು ಕರಿಯುತ್ತ ಹತ್ತೊಂಬತ್ತು ವರ್ಷ. ಸರಕು ಹಡಗುಗಳು ಬರುವುದು ನಿಂತು, ಹಳಿಗಳ ಮೇಲೆ ಹುಲ್ಲು ಬೆಳೆದು, ಕ್ರೇನು ತುಕ್ಕು ಹಿಡಿದು ಕೈ ಚಾಚಿಕೊಂಡೇ ನಿಂತ ಮೇಲೆ ಕಾವಲುಗಾರರಿಗೂ ಬೇಜಾರು ಬಂದು, ಒಳಗೆ ಬಂದವರನ್ನು ತಡೆಯುವುದು ಬಿಟ್ಟಿದ್ದರು. ಮೊದಲು ಒಬ್ಬಳು ಒಲೆ ಹೂಡಿದಳು, ಆಮೇಲೆ ಮೂವರು, ಆಮೇಲೆ ಇಪ್ಪತ್ತಮೂರು. ಇಡೀ ಎನ್‌ಗೆಗೆ ಎಂಬ ಸರೋವರದ ಮೀನಿನ ಎರಡೂ ಮಗ್ಗುಲು ಗೀರಿ, ಉಪ್ಪು ಸವರಿ, ಕಾದ ಎಣ್ಣೆಗೆ ಬಿಟ್ಟರೆ ಬಾಲ ಗರಿಗರಿಯಾಗಿ ಮೇಲೇಳುತ್ತಿತ್ತು. ಜೊತೆಗೆ ಮೆಕ್ಕೆಜೋಳದ ಮುದ್ದೆ, ಸೊಪ್ಪು. ಬ್ಯಾಂಕಿನ ಗುಮಾಸ್ತರು, ಬೈಕ್ ಟ್ಯಾಕ್ಸಿಯವರು, ಕೋರ್ಟಿನ ವಕೀಲರು, ಎಲ್ಲರೂ ಕೈಯಲ್ಲೇ ಮುರಿದು ತಿನ್ನುತ್ತಿದ್ದರು. ಮುಳ್ಳಿಗಾಗಿ ಕಾಯುವ ಬೋಳುತಲೆಯ ದೊಡ್ಡ ಕೊಕ್ಕರೆಗಳಿಗೂ ಅಲ್ಲಿ ಕಾಯಂ ಜಾಗ ಇತ್ತು.

ಹಾಗಿರುವಾಗ ನಗರದ ಕಚೇರಿಯಿಂದ ಸುದ್ದಿ ಬಂತು. ಬಂದರಿನ ಸುತ್ತಲ ಗೋಡೆ ಬೀಳುತ್ತದೆ. ಹಡಗು ನಿಲ್ಲುವ ಧಕ್ಕೆಯ ಉದ್ದಕ್ಕೂ ನಡೆದಾಡುವ ದಾರಿ, ಬೆಂಚುಗಳು, ದೀಪಗಳು, ಮಕ್ಕಳಿಗೆ ಆಟದ ಬಯಲು, ಹಳೇ ಗೋದಾಮಿನಲ್ಲಿ ನಾಟಕ ಹಾಡು ಕುಣಿತ. ಯಾರು ಬೇಕಾದರೂ ಬರಬಹುದು, ಯಾರೂ ತಡೆಯುವುದಿಲ್ಲ. ಅದೋಯೊಗೆ ಇದು ಕೇಳಿ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಬೇಕು. ಲೋಲ್ವೆ ಸರೋವರದ ದಡದಲ್ಲೇ ಹುಟ್ಟಿ ಬೆಳೆದ ಊರಿನ ಜನ, ಮೀನಿನ ನೆಪದಲ್ಲಿ ಒಳಗೆ ನುಸುಳುವವರನ್ನು ಬಿಟ್ಟರೆ, ಅರವತ್ತು ಎಪ್ಪತ್ತು ವರ್ಷ ಗೋಡೆಯ ಬಿರುಕಿನಲ್ಲಿ ಇಣುಕಿ ನೀರು ನೋಡುವುದೆಂದರೆ ಅದೇನು ಬದುಕು? ಜನ ಬಂದರೆ ಹಸಿವೂ ಬರುತ್ತದೆ, ಹಸಿವು ಬಂದರೆ ಮೀನೂ ಬೇಕಾಗುತ್ತದೆ ಅಂತ ಅವಳು ಪಕ್ಕದ ಒಲೆಯವಳಿಗೆ ಹೇಳಿದಳು. ಪಕ್ಕದ ಒಲೆಯವಳು ಉಯೋಮಾ ಕಡೆಯಿಂದ ಬಂದವಳಾದ್ದರಿಂದ ಎಲ್ಲರಿಗೂ ಅವಳು ಉಯೋಮಾ ಮಗಳು. ಅದೋಯೊ ಸೆಮೆ ಕಡೆಯವಳು, ಸೆಮೆ ಮಗಳು. ಗಂಡನ ಊರಲ್ಲಿ ಮುದುಕಿಯಾದರೂ ತವರಿನ ಹೆಸರು ಬಿಟ್ಟುಹೋಗುವುದಿಲ್ಲ ಅವರಲ್ಲಿ.

ಅಳತೆ ಮಾಡಲು ಕಚೇರಿಯಿಂದ ಯಾರು ಬರಬೇಕು? ಇಂಜಿನಿಯರ್ ಒಂಬೆವಾ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಇಬ್ಬರು ಸಹಾಯಕರೊಂದಿಗೆ ಟೇಪು ಎಳೆಯುತ್ತ, ಬರೆದುಕೊಳ್ಳುತ್ತ, ಮೊದಲನೇ ಗೋದಾಮು ಮುಗಿಸಿ, ಎರಡನೆಯದು ಮುಗಿಸಿ, ಮೂಲೆ ತಿರುಗಿದವನ ಕಣ್ಣಿಗೆ ಬಿದ್ದದ್ದು ಬಾಣಲೆಯ ಮುಂದೆ ಸೊಂಟಕ್ಕೆ ಬಟ್ಟೆ ಬಿಗಿದು ಕೂತಿದ್ದ ಅತ್ತೆ. ಅದೋಯೊಗೂ ಅವನು ಕಂಡ. ಅವಳು ಸೌಟನ್ನು ಎಣ್ಣೆಯಲ್ಲೇ ಬಿಟ್ಟು ಇದ್ದಿಲ ಮೂಟೆಗಳ ಹಿಂದೆ ಸರಿದಳು. ಅವನು ಅಲ್ಲೇ ಗಿರಕ್ಕನೆ ತಿರುಗಿ ಟೇಪು ಸುತ್ತಿಕೊಂಡು ಹೊರಟುಹೋದ. ಸಹಾಯಕರು ಏನೂ ತಿಳಿಯದವರಂತೆ ಹಿಂದೆ ಹೋದರು, ತಿಳಿದೇ ಇತ್ತು ಅವರಿಗೆ. ಆವತ್ತು ಹೆಂಗಸರು ನಕ್ಕೂ ನಕ್ಕೂ ಸುಸ್ತಾದರು. ಮರುದಿನವೂ ಹೀಗೇ, ಅದರ ಮರುದಿನವೂ ಹೀಗೇ. ಎಂಥ ಸಂಸ್ಕಾರವಂತ ಅಂತ ಉಯೋಮಾ ಮಗಳು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಅವನು ಬರಲಿಲ್ಲ.

ಮೂರು ತಿಂಗಳ ಮೇಲೆ ಬಂದರಿನ ಗೇಟಿಗೆ ಬಣ್ಣದ ನಕ್ಷೆ ಅಂಟಿಸಿದರು. ಊರೇ ನೋಡಲು ಹೋಯಿತು. ದಾರಿ ಇತ್ತು, ಬೆಂಚು ಇತ್ತು, ಕ್ರೇನು ಕೂಡ ಬಣ್ಣ ಬಳಿಸಿಕೊಂಡು ಅಂದವಾಗಿ ನಿಂತಿತ್ತು. ಮೂರನೇ ಗೋದಾಮಿನ ಪಕ್ಕದಲ್ಲಿ ಮಾತ್ರ ಒಲೆಗಳ ಗುರುತೇ ಇಲ್ಲ. ಅಲ್ಲಿ ಹಸಿರು ಬಣ್ಣ, ಹಸಿರಿನ ಮೇಲೆ ಕೆಂಪು ಹಳದಿ ಚುಕ್ಕೆ. ಹೂದೋಟ. ಸುತ್ತ ಬೇಲಿ.

ಉಯೋಮಾ ಮಗಳು ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದಳು. ಆ ಜಾಗದ ಅಳತೆಯ ಹಾಳೆ ಖಾಲಿ ಇತ್ತಂತೆ. ನೈರೋಬಿಯಲ್ಲಿ ಕೂತು ನಕ್ಷೆ ಬರೆಯುವವರು ಖಾಲಿ ಹಾಳೆ ನೋಡಿ ಜಾಗವೂ ಖಾಲಿ ಅಂದುಕೊಂಡರಂತೆ. ಖಾಲಿ ಜಾಗಕ್ಕೆ ಹೂವು ನೆಟ್ಟರು, ಪಾಪ, ಅವರೇನು ಮಾಡಿಯಾರು. ಮೀನು ಕರಿಯುವವರು ಎಲ್ಲಾದರೂ ಇದ್ದರೆ ಬಸ್ ನಿಲ್ದಾಣದ ಹಿಂದಿನ ಹೊಸ ಮಾರುಕಟ್ಟೆಗೆ ಹೋಗಬಹುದು ಅಂತ ಗುಮಾಸ್ತ ಹೇಳಿದನಂತೆ. ಬಸ್ ನಿಲ್ದಾಣದ ಹಿಂದೆ! ಅಲ್ಲಿ ಡೀಸೆಲ್ ಹೊಗೆ ಬಿಟ್ಟರೆ ನೀರಿನ ಒಂದು ಹನಿಯೂ ಕಾಣುವುದಿಲ್ಲ. ಸರೋವರ ನೋಡುತ್ತ ಮೀನು ತಿನ್ನಲು ಬರುವ ಜನ ಬಸ್ಸಿನ ಚಕ್ರ ನೋಡುತ್ತ ಯಾಕೆ ತಿಂದಾರು?

"ನಿನ್ನ ಮರ್ಯಾದೆ ನಮ್ಮ ಒಲೆ ನುಂಗ್ತು, ಸೆಮೆ ಮಗಳೇ," ಅಂದಳು ಉಯೋಮಾ ಮಗಳು. ಸಿಟ್ಟಿನಿಂದ ಅಂದದ್ದಲ್ಲ, ಸೋತು ಅಂದದ್ದು. ಅದಕ್ಕೇ ಅದು ಹೆಚ್ಚು ಚುಚ್ಚಿತು. ಎರಡು ದಿನ ಯಾರೂ ಅದೋಯೊ ಹತ್ತಿರ ಬೆಂಕಿ ಕೇಳಲು ಬರಲಿಲ್ಲ. ಹತ್ತೊಂಬತ್ತು ವರ್ಷದಿಂದ ಒಬ್ಬರ ಒಲೆಯಿಂದ ಒಬ್ಬರು ಕೆಂಡ ತೆಗೆದುಕೊಂಡು ಹೋಗುತ್ತಿದ್ದವರು ಅವರು.

ಅಳಿಯನನ್ನು ಕೇಳಬೇಕು. ಹೇಗೆ ಕೇಳುವುದು? ಮಗಳ ಮೂಲಕ ಕೇಳಿಸಬಹುದಿತ್ತು, ಆದರೆ ಗಂಡ ಹೆಂಡಿರ ಮಧ್ಯೆ ತನ್ನ ಒಲೆಯನ್ನು ತಂದಿಡಲು ಅದೋಯೊಗೆ ಮನಸ್ಸಾಗಲಿಲ್ಲ. ಕೊನೆಗೆ ಅವಳು ಫನುಯೆಲ್ ಒಗಾಡಾನ ಮನೆಗೆ ಹೋದಳು. ಒಗಾಡಾ ಹಿಂದೆ ಇದೇ ಬಂದರಿನಲ್ಲಿ ಹಡಗಿನ ಹಗ್ಗ ಕಟ್ಟುತ್ತಿದ್ದವನು. ಅದಕ್ಕಿಂತ ಮುಖ್ಯವಾಗಿ, ಅವಿನೋ ಮತ್ತು ಒಂಬೆವಾ ಮದುವೆಯ ಮಾತುಕತೆ ಕುದುರಿಸಿದ ಮಧ್ಯಸ್ಥ. ಎರಡು ಮನೆಯ ಮಧ್ಯೆ ಓಡಾಡಿ ಮಾತು ಒಯ್ಯುವ ಹಕ್ಕು ಅವನಿಗೆ ಇನ್ನೂ ಇದೆ ಅಂತ ಅದೋಯೊ ವಾದಿಸಿದಳು. ಹನ್ನೊಂದು ವರ್ಷ ಆದ ಮೇಲೂ ಆ ಹಕ್ಕು ಇರುತ್ತದಾ ಅಂತ ಒಗಾಡಾ ಕೇಳಿದ. ಆವತ್ತು ನೀನು ತಿಂದ ಕೋಳಿ ವಾಪಸ್ ಕೊಟ್ಟಿದ್ದೀಯಾ ಅಂತ ಅದೋಯೊ ಕೇಳಿದಳು. ಒಗಾಡಾ ಪೆಟ್ಟಿಗೆಯಿಂದ ಹಳೇ ಕೋಟು ತೆಗೆದು ಕೊಡವಿದ.

ಅವನು ಕೋಟು ಟೋಪಿ ಹಾಕಿಕೊಂಡು ಭಾನುವಾರ ಮಧ್ಯಾಹ್ನ ಒಂಬೆವಾ ಮನೆಯ ಅಂಗಳಕ್ಕೆ ಕಾಲಿಟ್ಟದ್ದೇ ತಡ, ಅವಿನೋ ಕೈಯಲ್ಲಿದ್ದ ಬಟ್ಟೆ ಬುಟ್ಟಿ ಕೆಳಗೆ ಹಾಕಿದಳಂತೆ. ಮದುವೆ ಮಧ್ಯಸ್ಥ ಇಷ್ಟು ವರ್ಷದ ಮೇಲೆ ಕೋಟು ಹಾಕಿಕೊಂಡು ಬಂದರೆ ಅದಕ್ಕೆ ಒಂದೇ ಅರ್ಥ: ಸಂಸಾರದಲ್ಲಿ ಬಿರುಕು, ತವರಿನವರ ದೂರು. ಅವಳು ಗಂಡನ ಕಡೆ ನೋಡಿ ಅಳಲು ಶುರು ಮಾಡಿದಳು, ನಾನೇನು ತಪ್ಪು ಮಾಡಿದೆ ಅಂತ. ಒಂಬೆವಾ ಒಗಾಡಾನ ಕಡೆ ನೋಡಿ ಬೆವರಿದ, ನಾನೇನು ತಪ್ಪು ಮಾಡಿದೆ ಅಂತ. ಬಂದದ್ದು ನಕ್ಷೆ ಮತ್ತು ಒಲೆಯ ವಿಷಯಕ್ಕೆ ಅಂತ ತಿಳಿಸುವಷ್ಟರಲ್ಲಿ ಒಗಾಡಾನ ಗಂಟಲು ಒಣಗಿತಂತೆ. ಕೋಳಿ ಕೊಯ್ದರು, ಅದನ್ನು ಮಾತ್ರ ಅವನು ಎರಡು ಸಲ ಹೇಳಿದ.

ಉತ್ತರ ಚಿಕ್ಕದಾಗಿತ್ತು. ಒಗಾಡಾ ಅದನ್ನು ಅಳಿಯನ ದನಿಯಲ್ಲೇ ಒಪ್ಪಿಸಿದ. "ಅಲ್ಲಿ ಅಳತೆ ಮಾಡ್ಲಿಲ್ಲ. ಅತ್ತೆಯವರು ಕೂತಿದ್ರು. ಅವರನ್ನ ಎದ್ದೇಳಿ ಅನ್ನೋಕೆ ನಾನ್ಯಾರು?"

ಇದನ್ನು ಕೇಳಿ ಅದೋಯೊಗೆ ಹೆಮ್ಮೆ ಆಯಿತು, ಸಿಟ್ಟೂ ಬಂತು. ಯಾವುದು ಮೊದಲು ಬಂತು ಅಂತ ಅವಳಿಗೇ ತಿಳಿಯಲಿಲ್ಲ. ಇನ್ನೂ ಒಂದು ಸುದ್ದಿ ಒಗಾಡಾ ಮೆಲ್ಲಗೆ ತಿಳಿಸಿದ. ಶನಿವಾರ ಊರಿನ ಜನರ ಸಭೆ ಇದೆ. ಅಲ್ಲಿ ಎದ್ದು ನಿಂತು ತಪ್ಪು ತನ್ನದೇ ಅಂತ ಹೇಳುತ್ತೇನೆ ಅಂದಿದ್ದಾನೆ ಅಳಿಯ. ಮೇಲಿನವರು ಸುಮ್ಮನಿರುತ್ತಾರಾ? ಅಳೆಯಲು ಸಂಬಳ ಕೊಟ್ಟರೆ ಅತ್ತೆ ಕೂತಿದ್ದಳು ಅಂತ ಬಿಟ್ಟುಬಂದ ಇಂಜಿನಿಯರನನ್ನು ಯಾವ ಕಚೇರಿ ಇಟ್ಟುಕೊಂಡೀತು? ಅವನ ಕೆಲಸ ಹೋದರೆ ಅವಿನೋ ಗತಿ ಏನು, ಇಬ್ಬರು ಮೊಮ್ಮಕ್ಕಳ ಗತಿ ಏನು? ಹೇಳದಿದ್ದರೆ ಇಪ್ಪತ್ತಮೂರು ಹೆಂಗಸರ ಗತಿ ಏನು? ಆ ವಾರ ಅವಳ ಮೀನು ಒಂದು ದಿನ ಸೀದಿತು, ಒಂದು ದಿನ ಬೇಯಲಿಲ್ಲ. ಗಿರಾಕಿಗಳು ಅವಳ ಮುಖ ನೋಡಿ ಏನೂ ಅನ್ನದೆ ತಿಂದರು.

ಸಭೆ ನಡೆದದ್ದು ಎರಡನೇ ಗೋದಾಮಿನಲ್ಲಿ. ಹಿಂದೆ ಹತ್ತಿಯ ಮೂಟೆ ಇಡುತ್ತಿದ್ದ ಜಾಗ, ಈಗಲೂ ಗೋಡೆ ಕೆರೆದರೆ ಹತ್ತಿಯ ಎಳೆ ಸಿಗುತ್ತದೆ. ಸರೋವರದ ಕಡೆಯ ದೊಡ್ಡ ಬಾಗಿಲು ತೆರೆದಿಟ್ಟಿದ್ದರು. ವೇದಿಕೆಯ ಮೇಲೆ ನಕ್ಷೆ ಬರೆದ ನೈರೋಬಿಯ ಮುಥೋನಿ ಮೇಡಂ, ಪಕ್ಕದಲ್ಲಿ ಒಂಬೆವಾ. ಜನ ಒಬ್ಬೊಬ್ಬರಾಗಿ ಎದ್ದು ಬೇಕು ಬೇಡ ಹೇಳಿದರು. ಶೌಚಾಲಯ ಬೇಕು ಅಂದರು, ಬೈಕ್ ನಿಲ್ಲಿಸಲು ಜಾಗ ಬೇಕು ಅಂದರು, ಒಬ್ಬ ಮೇಷ್ಟ್ರು ಪುಸ್ತಕ ಓದಲು ನೆರಳು ಬೇಕು ಅಂತ ಉದ್ದಕ್ಕೆ ಮಾತಾಡಿದರು. ಮುಥೋನಿ ಮೇಡಂ ಎಲ್ಲವನ್ನೂ ಬರೆದುಕೊಂಡರು. ಒಳ್ಳೆಯ ಹೆಂಗಸು, ಅವಸರ ಇರಲಿಲ್ಲ.

ಅದೋಯೊ ಎದ್ದಳು. ಎದ್ದವಳು ವೇದಿಕೆಗೆ ಬೆನ್ನು ಹಾಕಿ, ದೊಡ್ಡ ಬಾಗಿಲ ಕಡೆಗೆ, ನೀರಿಗೆ ಮುಖ ಮಾಡಿ ನಿಂತಳು. ಮೇಡಂ ಹುಬ್ಬು ಗಂಟಿಕ್ಕಿ, ಇದು ಪ್ರತಿಭಟನೆಯಾ ಅಂತ ಪಕ್ಕದವರನ್ನು ಕೇಳಿದರು. ಪಕ್ಕದಲ್ಲಿದ್ದವನು ಒಂಬೆವಾ, ಅವನು ಆಗಲೇ ತಲೆ ತಗ್ಗಿಸಿ ಮೇಜಿನ ಗೆರೆ ಎಣಿಸುತ್ತಿದ್ದ.

"ನಾನು ಮೀನು ಕರಿಯೋಳು," ಅಂದಳು ಅದೋಯೊ. "ನಿಮ್ಮ ನಕ್ಷೇಲಿ ನಮ್ಮ ಒಲೆ ಮೇಲೆ ಹೂವು ಬಂದಿದೆ. ಹೂವು ಬೇಡ ಅನ್ನಲ್ಲ, ಬೇರೆ ಕಡೆ ಬರ್ಲಿ. ಅಲ್ಲಿ ಅಳತೆ ಆಗದೇ ಇರೋದಕ್ಕೆ ಕಾರಣ ನಾನು. ಅಳೆಯೋರು ಬಂದಾಗ ಬಿಸಿ ಎಣ್ಣೆ ಸೌಟು ಹಿಡ್ಕೊಂಡು ಓಡಿಸ್ದೆ. ಮೂರು ದಿನ ಓಡಿಸ್ದೆ. ಅವರದೇನೂ ತಪ್ಪಿಲ್ಲ. ಹಾಗಂತ ಬರ್ಕೊಳ್ಳಿ. ನನ್ನ ಒಲೆ ತೆಗೀರಿ ಬೇಕಾದ್ರೆ, ಉಳಿದ ಇಪ್ಪತ್ತೆರಡು ಬಿಟ್ಟುಬಿಡಿ."

ಇಂಥ ಹಸಿ ಸುಳ್ಳನ್ನು ಸೆಮೆ ಮಗಳ ಬಾಯಲ್ಲಿ ಮೀನಿನ ಹೆಂಗಸರು ಕೇಳಿದ್ದು ಅದೇ ಮೊದಲು. ಉಯೋಮಾ ಮಗಳು ಹೊದ್ದ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡಳು. ಎರಡು ದಿನ ಬೆಂಕಿ ಕೇಳದೆ ಇದ್ದದ್ದು ಅವಳಿಗೆ ನೆನಪಾಗಿರಬೇಕು.

ಇದು ನಿಜವಾ ಅಂತ ಮೇಡಂ ಇಂಜಿನಿಯರನನ್ನು ಕೇಳಿದರು.

ಒಂಬೆವಾ ಎದ್ದು ನಿಂತ. ಅವನ ಕಷ್ಟ ನೋಡಿ. ಹೌದು ಅಂದರೆ ಅತ್ತೆಯ ಮೇಲೆ ತಪ್ಪು ಬರುತ್ತದೆ. ಸುಳ್ಳು ಅಂದರೆ ಊರೆದುರು ಅತ್ತೆಯನ್ನು ಸುಳ್ಳಿ ಅಂದಂತಾಗುತ್ತದೆ. ಅಂಥ ಮಾತಾಡಿದ ಅಳಿಯ ಆ ನೆಲದಲ್ಲಿ ಇನ್ನೂ ಹುಟ್ಟಿಲ್ಲ. ಗೋದಾಮಿನ ತಗಡಿನ ಮೇಲೆ ಕೊಕ್ಕರೆ ನಡೆಯುವ ಸದ್ದು ಕೇಳುತ್ತಿತ್ತು.

"ಅತ್ತೆಯವರು ಹೇಳಿದ್ದು ಸರಿ," ಅಂದ ಕೊನೆಗೆ, ಮೇಜನ್ನೇ ನೋಡುತ್ತ. "ಆದ್ರೆ ಅದು ನಡೆದಿದ್ದಲ್ಲ."

ಮೊದಲು ಹಿಂದಿನ ಸಾಲಿನ ಮುದುಕರು ನಕ್ಕರು, ಆಮೇಲೆ ಇಡೀ ಗೋದಾಮು ನಕ್ಕಿತು. ಗೇಲಿಯ ನಗು ಅಲ್ಲ ಅದು. ಎಲ್ಲರ ಮನೆಯಲ್ಲೂ ಒಬ್ಬ ಅತ್ತೆ ಇದ್ದಳು, ಎಲ್ಲರೂ ಯಾವುದೋ ಒಂದು ದಿನ ಯಾವುದೋ ಒಂದು ಮೂಲೆ ತಿರುಗಿ ವಾಪಸ್ ಓಡಿದವರೇ. ನಗು ಇಳಿದ ಮೇಲೆ ಒಂಬೆವಾ ಉಳಿದದ್ದನ್ನು ಹೇಳಿದ. ಅವರು ಕೂತಿದ್ದರು, ನಾನು ತಿರುಗಿ ಬಂದೆ. ನಾಳೆ ಹೋಗೋಣ ಅಂದುಕೊಂಡೆ, ನಾಳೆಯೂ ಕೂತಿದ್ದರು. ಹಾಳೆ ಖಾಲಿ ಬಿಟ್ಟೆ. ಜಾಗ ಖಾಲಿ ಅಂತ ನಾನು ಬರೆಯಲಿಲ್ಲ, ಆದರೆ ಅಲ್ಲಿ ಏನಿದೆ ಅಂತಲೂ ಬರೆಯಲಿಲ್ಲ. ತಪ್ಪು ನನ್ನದು. ಇಷ್ಟು ಹೇಳಿ ಕೂತುಬಿಟ್ಟ. ಅದೋಯೊ ಇನ್ನೂ ನೀರಿನ ಕಡೆಗೇ ಮುಖ ಮಾಡಿ ನಿಂತಿದ್ದಳು, ಕಣ್ಣೊರೆಸಿಕೊಂಡದ್ದು ಯಾರಿಗೂ ಕಾಣದಿದ್ದದ್ದು ಒಳ್ಳೆಯದೇ ಆಯಿತು.

ಮುಥೋನಿ ಮೇಡಂ ಪೆನ್ನು ಕೆಳಗಿಟ್ಟರು. ಅವರು ಬೇರೆ ಜನ, ಕಿಕುಯು ಪಂಗಡದವರು, ಇದೆಲ್ಲ ಅರ್ಥವಾಗುವುದಿಲ್ಲ ಅಂತ ಜನ ಅಂದುಕೊಂಡಿದ್ದರು.

"ನಮ್ಮ ಭಾಷೇಲಿ ನನ್ನ ಹೆಸರಿಗೆ ಅರ್ಥಾನೇ ಬೀಗರು ಅಂತ," ಅಂದರು. "ನಮ್ಮಜ್ಜಿ, ಅಳಿಯ ಬರ್ತಾನೆ ಅಂದ್ರೆ ಬಾಳೆತೋಟಕ್ಕೆ ಓಡೋಗೋರು. ನನಗೆ ಗೊತ್ತಾಗ್ಬೇಕಿತ್ತು."

ಆದರೆ ಕೆಲಸ ಕೆಲಸವೇ. ನಕ್ಷೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮುದ್ರಣಕ್ಕೆ ಹೋಗುತ್ತದೆ ಅಂದರು. ಅಷ್ಟರೊಳಗೆ ಈ ಹೆಂಗಸರು ನಿಜವಾಗಿ ಬಳಸುತ್ತಿರುವ ಜಾಗದ ಅಳತೆ ಕೈಸೇರಿದರೆ, ಎಷ್ಟು ಇದೆಯೋ ಅಷ್ಟನ್ನೂ ಸೇರಿಸುತ್ತೇನೆ, ಮೇಲೆ ತಗಡಿನ ಚಪ್ಪರ, ಕೆಳಗೆ ಚರಂಡಿ ಸಮೇತ. ಬರದಿದ್ದರೆ ಹೂವೇ ಗತಿ. ಬೇರೆ ಇಂಜಿನಿಯರನನ್ನು ಕಳಿಸಿ ಅಂತ ಯಾರೋ ಕೂಗಿದರು. ಬಿಟ್ಟು ಬಂದವರೇ ಹೋಗಿ ತರಲಿ, ಅದೇ ಅವರಿಗೆ ಶಿಕ್ಷೆ ಅಂತ ಮೇಡಂ ನಕ್ಕರು. ಕೆಲಸ ಉಳಿಯಿತು ಅಂತ ಅದೋಯೊಗೆ ಆ ನಗುವಿನಲ್ಲೇ ತಿಳಿಯಿತು. ಒಲೆ ಉಳಿಯುವುದು ಇನ್ನೂ ಬಾಕಿ ಇತ್ತು.

ಭಾನುವಾರ ಬೆಳಿಗ್ಗೆ ಒಲೆ ಹಚ್ಚಬಾರದು, ಒಬ್ಬರೂ ಆ ಕಡೆ ಸುಳಿಯಬಾರದು ಅಂತ ತೀರ್ಮಾನವಾಯಿತು. ಎಲ್ಲರೂ ಚರ್ಚಿಗೆ ಹೋದರು. ಅದೋಯೊ ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಒಂಬೆವಾಗೆ ಸಹಾಯಕರೂ ರಜೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಒಗಾಡಾನನ್ನು ಕರೆದುಕೊಂಡು ಹೋಗಿದ್ದ. ಎರಡನೇ ಹಾಡು ನಡೆಯುತ್ತಿದ್ದಾಗ ಅದೋಯೊ ಕೈಚೀಲದಲ್ಲಿ ಫೋನು ನಡುಗಿತು. ಹೊರಗೆ ಬಂದು ಎತ್ತಿದಳು.

ಮಂಡಿ ಕೈಕೊಟ್ಟಿದೆ ಅಂತ ಒಗಾಡಾ. ಅಗಲ ಅಳೆದಾಯಿತಂತೆ, ಅಷ್ಟಕ್ಕೇ ಬಗ್ಗಿ ಬಗ್ಗಿ ಎದ್ದು ಇನ್ನು ಬಗ್ಗಿದರೆ ಏಳಲಾರೆ ಅಂತ. ಉದ್ದ ಬಾಕಿ ಇದೆ. ಧಕ್ಕೆಯ ಮೇಲೆ ಒಂದು ನರಪಿಳ್ಳೆ ಇಲ್ಲ. ನೀನೇ ಎಲ್ಲರನ್ನೂ ಚರ್ಚಿಗೆ ಅಟ್ಟಿದವಳು, ನೀನೇ ಏನಾದರೂ ಮಾಡು ಅಂದ. ಮದುವೆ ಕುದುರಿಸಲು ಒಪ್ಪಿಕೊಂಡಿದ್ದೆ, ಟೇಪು ಹಿಡಿಯಲು ಒಪ್ಪಿಕೊಂಡಿರಲಿಲ್ಲ ಅಂತಲೂ ಸೇರಿಸಿದ.

ಅದೋಯೊ ಮತ್ತೆ ಒಳಗೆ ಹೋಗಿ ಯಾರನ್ನಾದರೂ ಕರೆಯಬಹುದಿತ್ತು. ಪ್ರಾರ್ಥನೆಯ ಮಧ್ಯೆ ಯಾರನ್ನು ಎಬ್ಬಿಸುವುದು ಅಂತ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಎಷ್ಟೋ ಸಲ ಎಲ್ಲರಿಗೂ ಅದನ್ನೇ ಹೇಳಿದಳು. ಕಾಲು ಮಾತ್ರ ಆಗಲೇ ಬಂದರಿನ ಕಡೆ ಹೊರಟಿತ್ತು.

ಒಂಬೆವಾ ಕ್ರೇನಿನ ಬುಡದಲ್ಲಿ ಟೇಪಿನ ಡಬ್ಬಿ ಹಿಡಿದು ನಿಂತಿದ್ದ. ಟೇಪಿನ ತುದಿ ನಡುವೆ ಎಲ್ಲೋ ನೆಲದ ಮೇಲೆ ಬಿದ್ದು ಗಾಳಿಗೆ ಪಟಪಟ ಅನ್ನುತ್ತಿತ್ತು. ಒಗಾಡಾ ಹಡಗು ಕಟ್ಟುವ ಕಬ್ಬಿಣದ ಗೂಟದ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದ. ಅತ್ತೆಯನ್ನು ಕಂಡ ಒಂಬೆವಾ ಅಭ್ಯಾಸದಂತೆ ತಿರುಗಲು ಹೋದ. ಆದರೆ ಈ ಸಲ ತಿರುಗಲಿಲ್ಲ, ಕಣ್ಣನ್ನು ಮಾತ್ರ ಟೇಪಿನ ಅಂಕಿಗಳ ಮೇಲೆ ಇಳಿಸಿದ. ಐವತ್ತು ಮೀಟರಿನ ಟೇಪು ಅದು. ಅದರ ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತರೆ ಯಾವ ಹಿರಿಯರೂ ಆಕ್ಷೇಪಿಸಲಾರರು ಅಂತ ಅದೋಯೊ ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದಳು. ಬಗ್ಗಿ ತುದಿ ಎತ್ತಿಕೊಂಡು, ಒಲೆಗಳ ಸಾಲಿನ ಪಕ್ಕದಲ್ಲಿ ಹಿಂದೆ ಹಿಂದೆ ನಡೆದು, ಕೊನೆಯ ಒಲೆಯ ಪಕ್ಕದಲ್ಲಿ ಅದನ್ನು ನೆಲಕ್ಕೆ ಒತ್ತಿ ಹಿಡಿದಳು. ಇಪ್ಪತ್ತಮೂರು ಒಲೆಯೂ ಒಳಗೆ ಬಂದವು. ಎದೆ ಹಗುರಾಯಿತು.

ಒಂಬೆವಾ ಬಗ್ಗಿ ಅಂಕಿ ನೋಡಿದ. ಬರೆದುಕೊಳ್ಳಲಿಲ್ಲ. ಗಂಟಲು ಸರಿ ಮಾಡಿಕೊಂಡ.

"ಅಮ್ಮಾ, ಸ್ವಲ್ಪ ಹಿಂದಕ್ಕೆ ಹೋಗಿ."

ಹನ್ನೊಂದು ವರ್ಷದಲ್ಲಿ ಅವನು ನೇರವಾಗಿ ಅವಳಿಗೆ ಆಡಿದ ಮೊದಲ ಮಾತು ಅದು. ಅದೋಯೊ ಮುಖ ಕೆಂಡವಾಯಿತು. ತಾನು ತೀರ ಹತ್ತಿರ ನಿಂತುಬಿಟ್ಟೆನಾ? ಅಳಿಯನ ಬಾಯಲ್ಲಿ ದೂರ ಸರಿಯಿರಿ ಅನ್ನಿಸಿಕೊಳ್ಳುವ ಹೆಂಗಸಾದೆನಾ ಈ ವಯಸ್ಸಿನಲ್ಲಿ? ಅವಳು ಹೊದ್ದ ಬಟ್ಟೆ ಎಳೆದುಕೊಂಡು ಆರೇಳು ಹೆಜ್ಜೆ ಹಿಂದೆ ಹೋಗಿ, ಮೀನು ಉಜ್ಜಿ ತೊಳೆಯುವ ಕಲ್ಲುಗಳ ಹತ್ತಿರ ನಿಂತಳು. ತುದಿಯನ್ನು ನೆಲಕ್ಕೆ ಒತ್ತಿದಳು.

"ಇನ್ನೂ ಸ್ವಲ್ಪ ಅಮ್ಮಾ."

ಇನ್ನೂ? ಅವಳ ಕಣ್ಣು ಉರಿಯಿತು. ಹೊಗೆ ಕೂಡ ಇರಲಿಲ್ಲ ಆವತ್ತು, ತಪ್ಪು ಅದರ ಮೇಲೆ ಹಾಕಲು. ಚರ್ಚಿನಲ್ಲೇ ಇದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು ಅಂದುಕೊಳ್ಳುತ್ತ ತಲೆ ತಗ್ಗಿಸಿ ನಡೆದಳು. ಕಲ್ಲುಗಳನ್ನು ದಾಟಿ, ಗಿರಾಕಿಗಳು ಕೂತು ತಿನ್ನುವ ಮರದ ದಿಮ್ಮಿಗಳನ್ನು ದಾಟಿ, ಅತ್ತಿ ಮರದ ಕೆಳಗೆ ಬಂದಳು. ಕಾಲಿಗೆ ನೆರಳಿನ ತಂಪು ತಾಗಿತು. ಅಷ್ಟರಲ್ಲಿ ಗೂಟದ ಮೇಲೆ ಕೂತಿದ್ದ ಒಗಾಡಾ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ.

"ನಿನ್ನನ್ನ ದೂರ ಕಳಿಸ್ತಿಲ್ಲ ಕಣೇ ಸೆಮೆ ಮಗಳೇ," ಅಂದ. "ನಿನ್ನ ಕೈಲಿ ಏನಿದೆ ನೋಡ್ಕೋ."

ಅವಳು ಕೈ ನೋಡಿದಳು. ಕೈಯಲ್ಲಿ ಟೇಪಿನ ತುದಿ. ಅಲ್ಲಿಂದ ಕ್ರೇನಿನವರೆಗೆ ಹಳದಿ ಗೆರೆ ಬಿಗಿಯಾಗಿ ಎಳೆದಿತ್ತು. ಒಲೆಗಳು ಅದರ ಒಳಗೆ, ಮೀನು ತೊಳೆಯುವ ಕಲ್ಲು ಒಳಗೆ, ದಿಮ್ಮಿಗಳು ಒಳಗೆ, ಮರದ ಅರ್ಧ ನೆರಳು ಒಳಗೆ. ಹತ್ತೊಂಬತ್ತು ವರ್ಷದಿಂದ ದಿನಾ ಬಳಸಿದ ಜಾಗವೇ ಎಲ್ಲ. ಒಲೆ ಇದ್ದಷ್ಟು ಮಾತ್ರ ತಮ್ಮದು ಅಂತ ಅಂದುಕೊಂಡಿದ್ದವಳು ಅವಳೇ, ಅಳಿಯ ಅಲ್ಲ. ಎರಡೇ ಮಾತಲ್ಲಿ, ಮುಖ ಎತ್ತದೆ, ಒಂದು ಹೆಜ್ಜೆ ಹತ್ತಿರ ಬಾರದೆ ಅವನು ಅವಳಿಗೆ ನೆಲ ಕೊಡುತ್ತಿದ್ದ.

ಒಂಬೆವಾ ಆಗ ಮುಖ ಎತ್ತಿದ. ಅವಳಿಗೆ ಆ ಮುಖ ಸರಿಯಾಗಿ ಕಂಡಿತು. ಮೊಮ್ಮಗನ ಮೂಗು ಎಲ್ಲಿಂದ ಬಂತು ಅಂತ ಇಷ್ಟು ದಿನ ಅವಳಿಗೆ ಗೊತ್ತಿರಲಿಲ್ಲ.

"ಸಾಕಾ ಅಮ್ಮಾ?" ಅಂತ ಕೇಳಿದ.

ಅತ್ತೆಯಾದವಳು ಅಳಿಯನಿಗೆ ಸಾಕು ಬೇಕು ಅಂತ ಹೇಳುವ ಕ್ರಮ ಇಲ್ಲ. ಅದೋಯೊ ಟೇಪಿನ ತುದಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಯಾರೂ ಹೇಳದೆಯೇ, ಮರವನ್ನು ದಾಟಿ, ನೀರಿಗಿಳಿಯುವ ಮೆಟ್ಟಿಲಿನವರೆಗೆ ಇನ್ನೂ ಹತ್ತು ಹೆಜ್ಜೆ ಹಿಂದಕ್ಕೆ ಹೋದಳು. ಒಂಬೆವಾ ಟೇಪು ಬಿಡುತ್ತಾ ಹೋದ.